ಸ್ಕಾಟ್ ಬಂಗಲೆಗೆ ಬೇಕಾದ ಸುಣ್ಣ

ಶ್ರೀರಂಗಪಟ್ಟಣದ ಸ್ಕಾಟ್ ಬಂಗಲೆಯ ವಿಷಯ ಎತ್ತಿದರೆ ಗೆಳೆಯರೆಲ್ಲ ಕೇಳುವುದು ಒಂದೇ: "ಅಲ್ಲಿ ದೆವ್ವ ಇದೆಯಂತೆ, ಹೌದಾ?" 1799ರ ಯುದ್ಧದ ನಂತರ ಇಲ್ಲಿನ ಫಿರಂಗಿ ಗಾಡಿಗಳ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಕರ್ನಲ್ ಸ್ಕಾಟ್ ಕಾವೇರಿ ದಡದ ಈ ಮನೆಯಲ್ಲಿದ್ದ. ಒಂದು ದಿನ ಬಂದು ನೋಡಿದರೆ ಹೆಂಡತಿ, ಮಕ್ಕಳು ಕಾಲರಾಕ್ಕೆ ಬಲಿಯಾಗಿದ್ದರು. ಇದ್ದದ್ದನ್ನೆಲ್ಲ ಇದ್ದಂತೆಯೇ ಬಿಟ್ಟು ಹೊರಟುಹೋದ ಎಂಬುದು ಕತೆ.

ಕತೆಯಿಂದ ಮನೆಯ ಹೆಸರು ಉಳಿದಿದೆ. ಗೋಡೆ ಉಳಿಯಬೇಕಾದರೆ ಸುಣ್ಣ ಬೇಕು. ಆ ಕಾಲದ ಇಟ್ಟಿಗೆ ಹೀರಿಕೊಂಡ ನೀರನ್ನು ಸುಣ್ಣದ ಗಾರೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು, ಉಪ್ಪು ಕಟ್ಟಿ, ಇಟ್ಟಿಗೆಯೇ ಪುಡಿಯಾಗುತ್ತದೆ. ಪಾಂಡವಪುರದಲ್ಲಿ ನಮ್ಮಜ್ಜಿ ಮನೆಯ ಹಿತ್ತಿಲ ಗೋಡೆ ಹೋಗಿದ್ದೂ ಹೀಗೆಯೇ.

2017ರಲ್ಲಿ ಜೋಡಿ ರೈಲುಹಳಿಗಾಗಿ ಇದೇ ಶ್ರೀರಂಗಪಟ್ಟಣದ, ಟಿಪ್ಪು ಕಾಲದ ಇಟ್ಟಿಗೆಯ ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಅಷ್ಟು ಸಾಧ್ಯವಾದ ಊರಿನಲ್ಲಿ, ಮಳೆಗಾಲಕ್ಕೆ ಮುಂಚೆ ಗೋಡೆಯ ಅರಳಿ ಸಸಿ ಕಿತ್ತು ಬಿರುಕಿಗೆ ಗಾರೆ ತುಂಬುವುದು ದೊಡ್ಡದಲ್ಲ. ಆದರೆ ಅದನ್ನು ನೋಡಲು ಜನ ಸೇರುವುದಿಲ್ಲ; ಒಮ್ಮೆ ಮಾಡಿ ಮುಗಿಸುವ ಹಾಗೂ ಇಲ್ಲ. ಪ್ರತಿ ವರ್ಷ ಮಾಡಬೇಕು.