ಎಂಟು ಜನ ಮತ್ತು ನಮ್ಮ ಥಿಯರಿಗಳು

ಈರೋಡಿನಿಂದ ಅಂಗಡಿಗೆ ಬಟ್ಟೆ ತರಲು ಹೊರಟ ನಮ್ಮ ವ್ಯಾನ್ ಆ ರಾತ್ರಿ ತೊಪ್ಪೂರು ಘಾಟಿಯಲ್ಲಿ ನಿಂತುಬಿಟ್ಟಿತು. ಧರ್ಮಪುರಿ ದಾಟಿ ಸೇಲಂ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬರುವ ಈ ಇಳಿಜಾರಿನ ಹೆಸರು ಕೇಳದ ಲಾರಿ ಚಾಲಕರು ಕಡಿಮೆ. ಮುಂದೆ ತಿರುವಿನಲ್ಲಿ ಒಂದು ಲಾರಿ ಮಗುಚಿ ಬಿದ್ದಿತ್ತು. ನಮ್ಮ ಹಿಂದೆಯೂ ಮುಂದೆಯೂ ಕೆಂಪು ದೀಪಗಳ ಸಾಲು.

ಅರ್ಧ ಗಂಟೆಯಲ್ಲಿ ಜನ ಗಾಡಿ ಬಿಟ್ಟು ಇಳಿದರು. ಗುರುತಿಲ್ಲದವರೆಲ್ಲ ಒಂದು ಚಹಾ ಗಾಡಿಯ ಸುತ್ತ ಸೇರಿದರು. ಮಾತು ಶುರುವಾಯಿತು. ಆ ತಿರುವಿನಲ್ಲಿ ರಾತ್ರಿ ಹೊತ್ತು ಒಬ್ಬಳು ಹೆಂಗಸು ಅಡ್ಡ ಬರುತ್ತಾಳೆ ಎಂದ ಒಬ್ಬ. ರಸ್ತೆ ಮಾಡುವಾಗ ಒಂದು ಗುಡಿ ತೆಗೆದರಂತೆ, ಅದರ ಶಾಪ ಎಂದ ಇನ್ನೊಬ್ಬ. ಅಮಾವಾಸ್ಯೆಗೆ ಇನ್ನೆಷ್ಟು ದಿನ ಎಂದು ಮೂರನೆಯವನು ಲೆಕ್ಕ ಹಾಕಿದ.

ನಾನು ನನ್ನ ಗೆಳೆಯನ ಮುಖ ನೋಡಿದೆ. ಅವನು ಏನೂ ಹೇಳಲಿಲ್ಲ. ಒಂದು ಕಾಲದಲ್ಲಿ ಥಿಯರಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಅದು ದುಬೈಯ ಕಾಲ. ದೇರಾದ ಒಂದು ಕೋಣೆಯಲ್ಲಿ ನಾವು ಆರು ಜನ. ಮೇಲೆ ಕೆಳಗೆ ಮಂಚ, ಎಲ್ಲರಿಗೂ ಸೇರಿ ಒಂದು ಲ್ಯಾಪ್‌ಟಾಪ್. ಶುಕ್ರವಾರ ಜುಮಾ ಮುಗಿಸಿ, ಬಿರಿಯಾನಿ ತಿಂದು, ಪರದೆ ಎಳೆದು ಕೂತರೆ ‘ಲಾಸ್ಟ್’. 2004ರ ಸೆಪ್ಟೆಂಬರ್ 22ರಂದು ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಶುರುವಾದ ಧಾರಾವಾಹಿ ಅದು. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಶಿಯಾನಿಕ್ 815 ವಿಮಾನ ಒಂದು ದ್ವೀಪದ ಮೇಲೆ ಬೀಳುತ್ತದೆ. ಬದುಕಿ ಉಳಿದವರನ್ನು ಹುಡುಕಿ ಯಾರೂ ಬರುವುದಿಲ್ಲ. ಬಿಸಿಲಿನ ದ್ವೀಪದಲ್ಲಿ ಹಿಮಕರಡಿ ಕಾಣುತ್ತದೆ, ಕಾಡಿನಲ್ಲಿ ಕಪ್ಪು ಹೊಗೆ ಓಡಾಡುತ್ತದೆ, ನೆಲದಲ್ಲಿ ಒಂದು ಕಬ್ಬಿಣದ ಮುಚ್ಚಳ ಸಿಗುತ್ತದೆ. 4, 8, 15, 16, 23, 42 ಎಂಬ ಆರು ಅಂಕಿಗಳು ಎಲ್ಲಿ ನೋಡಿದರೂ ಬರುತ್ತವೆ.

ನಮ್ಮವರಿಗೆ ಅದರಲ್ಲಿ ಸಯೀದ್ ಎಂಬ ಇರಾಕಿನ ಸೈನಿಕನ ಪಾತ್ರ ಅಚ್ಚುಮೆಚ್ಚು. ಅದನ್ನು ಮಾಡಿದ ನವೀನ್ ಆಂಡ್ರ್ಯೂಸ್ ಲಂಡನ್‌ನಲ್ಲಿ ಹುಟ್ಟಿದವರು, ತಂದೆ ತಾಯಿ ಕೇರಳದವರು. “ಹೆಸರು ನಮ್ಮದು, ಮುಖ ಕಾಸರಗೋಡಿನದ್ದು” ಎಂದು ನಾವು ನಗುತ್ತಿದ್ದೆವು.

ಒಂದು ಎಪಿಸೋಡ್ ನೋಡಲು ಮುಕ್ಕಾಲು ಗಂಟೆ. ಅದರ ಮೇಲೆ ಚರ್ಚೆ ಒಂದು ವಾರ. ಅವರೆಲ್ಲ ಮೊದಲ ದಿನವೇ ಸತ್ತಿದ್ದಾರೆ, ದ್ವೀಪ ಎಂದರೆ ಸ್ವರ್ಗ ನರಕದ ನಡುವಿನ ಜಾಗ ಎಂಬುದು ಜಗತ್ತಿನಲ್ಲೆಲ್ಲ ಓಡುತ್ತಿದ್ದ ಥಿಯರಿ. ನನ್ನ ಗೆಳೆಯ ಅದಕ್ಕೆ ಬರ್ಝಖ್ ಎಂದು ಹೆಸರಿಟ್ಟಿದ್ದ. ಅಲ್ಲ ಎಂದು ಧಾರಾವಾಹಿ ಮಾಡುವವರೇ ಹೇಳಿದರೂ ಅವನು ಬಿಡಲಿಲ್ಲ. ನನ್ನದು ಬೇರೆ: ದ್ವೀಪವೇ ಇವರನ್ನು ಆರಿಸಿ ಕರೆದಿದೆ, ಯಾರು ಉಳಿಯಬೇಕು ಎಂಬುದು ಮೊದಲೇ ಬರೆದಿದೆ. ಕೊನೆಯ ಸೀಸನ್‌ನಲ್ಲಿ ಆ ಅಂಕಿಗಳಿಗೂ ಆಯ್ಕೆಯಾದವರ ಹೆಸರುಗಳಿಗೂ ಸಂಬಂಧ ಇದೆ ಎಂದು ತೋರಿಸಿದಾಗ (ಸಯೀದ್‌ನದು 16) ನಾನು ಕೋಣೆಯಲ್ಲಿ ಎದ್ದು ಕುಣಿದಿದ್ದೆ. ಕೆಲಸದ ಕಡೆ ನಮ್ಮನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇಲ್ಲಿ ಪ್ರತಿಯೊಬ್ಬನ ಅಭಿಪ್ರಾಯಕ್ಕೂ ಬೆಲೆ ಇತ್ತು. ಅದೇ ಅದರ ರುಚಿ.

ಕೊನೆಯ ಎಪಿಸೋಡ್ 2010ರ ಮೇ 23ರ ಭಾನುವಾರ ರಾತ್ರಿ ಅಮೆರಿಕದಲ್ಲಿ. ನಮಗೆ 24ರ ಬೆಳಿಗ್ಗೆ. ಗೆಳೆಯ ಊರಿಗೆ ಹೋಗುವವನಿದ್ದ. ಶುಕ್ರವಾರ ರಾತ್ರಿಯ ವಿಮಾನ. ರಜೆ ಒಂದು ವಾರ ಮುಂದೆ ಹೋಯಿತು, ಟಿಕೆಟ್ ಬದಲಾಯಿಸಿದ. “ಒಳ್ಳೆಯದೇ ಆಯ್ತು, ಕೊನೆ ನೋಡಿಯೇ ಹೋಗ್ತೇನೆ” ಎಂದ. ಪಕ್ಕದ ಕಟ್ಟಡದಲ್ಲಿ ನಮ್ಮ ಕಡೆಯ ಒಬ್ಬರು ಅದೇ ವಿಮಾನದಲ್ಲಿ ಹೊರಟಿದ್ದರು. ಅವರ ಕೈಯಲ್ಲಿ ಮಗಳಿಗೆ ಒಂದು ಗೊಂಬೆ, ಉಮ್ಮನಿಗೆ ಖರ್ಜೂರದ ಪೊಟ್ಟಣ ಕೊಟ್ಟು ಕಳಿಸಿದ.

ಮೇ 22ರ ಬೆಳಿಗ್ಗೆ ಆರರ ಹೊತ್ತಿಗೆ ಆ ವಿಮಾನ, ಸಂಖ್ಯೆ 812, ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದದ್ದು 166 ಜನ. 158 ಜನ ಹೋದರು. ಎಂಟು ಜನ ಉಳಿದರು. ಮಂಗಳೂರಿನಿಂದ ಕಾಸರಗೋಡಿನವರೆಗೆ ಎಷ್ಟು ಮನೆಗಳಲ್ಲಿ ಮಯ್ಯಿತ್, ಎಷ್ಟು ಮನೆಗಳಲ್ಲಿ ಗುರುತು ಹಿಡಿಯಲು ಕಾಯುವ ಕೆಲಸ ಎಂದು ಈ ಲೇಖನ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಗೊಂಬೆ ಹೊತ್ತು ಹೋದವರು ಆ ಎಂಟರಲ್ಲಿ ಇರಲಿಲ್ಲ.

ಆ ಸಂಜೆ ಕೋಣೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ. ಸುದ್ದಿ ನೋಡುತ್ತಾ ನಾನು ಒಂದು ಮಾತು ಹೇಳಿದೆ. “ಅಲ್ಲಿ 815, ಇಲ್ಲಿ 812. ಉಳಿದದ್ದು 8. ಅದು ಆ ಅಂಕಿಗಳಲ್ಲಿ ಉಂಟು.” ಹದಿನಾಲ್ಕು ವರ್ಷಕ್ಕಿಂತ ಹೆಚ್ಚಾಯಿತು, ಆ ಮಾತು ಯಾಕೆ ಬಾಯಿಗೆ ಬಂತು ಎಂದು ಇವತ್ತೂ ನಾಚಿಕೆಯಾಗುತ್ತದೆ. ಗೆಳೆಯ ನನ್ನನ್ನು ಬೈಯಲಿಲ್ಲ. ಎದ್ದು ಲ್ಯಾಪ್‌ಟಾಪ್ ಮುಚ್ಚಿದ. ಕೊನೆಯ ಎಪಿಸೋಡ್ ಅವನು ನೋಡಲೇ ಇಲ್ಲ.

ಆಮೇಲೆ ಊರಿನಲ್ಲೂ ಥಿಯರಿಗಳೇ. ಅವನನ್ನು ಕಂಡವರೆಲ್ಲ ಕೈ ಹಿಡಿದು, “ನಿನ್ನ ಉಮ್ಮನ ದುಆ ನಿನ್ನನ್ನು ಉಳಿಸಿತು” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನೂ ಹೇಳಿದೆ. ಅವನು ನನ್ನನ್ನು ಮಾತ್ರ ಕೇಳಿದ, “ಅವರ ಉಮ್ಮ ದುಆ ಮಾಡಿರಲಿಲ್ಲವಾ?” ನನ್ನಲ್ಲಿ ಉತ್ತರ ಇರಲಿಲ್ಲ. ದ್ವೀಪ ಆರಿಸಿತು ಎಂದು ನಾನು ಕುಣಿದಾಗ, ಆರಿಸದೆ ಬಿಟ್ಟವರ ಮನೆ ನನ್ನ ಕಣ್ಣ ಮುಂದೆ ಇರಲಿಲ್ಲ. ಈಗ ಆ ಮನೆ ನಮ್ಮ ಮಸೀದಿಯ ಹಿಂದಿನ ಬೀದಿಯಲ್ಲಿತ್ತು.

ನಮ್ಮ ಈಮಾನಿನಲ್ಲಿ ವಿಧಿ ಉಂಟು, ನಾನು ಅದನ್ನು ಅಲ್ಲಗಳೆಯುವವನಲ್ಲ. ಆದರೆ ವಿಧಿ ಅಲ್ಲಾಹನಿಗೆ ಗೊತ್ತು ಎಂದು ನಂಬುವುದು ಬೇರೆ, ಅದರ ಕಾರಣ ನನಗೆ ಗೊತ್ತು ಎಂದು ಬದುಕಿದವನ ಎದುರು ಹೇಳುವುದು ಬೇರೆ. ಹೇಗಾಯಿತು ಎಂಬುದಕ್ಕೆ ಉತ್ತರ ಬಂತು: ವಿಮಾನ ರನ್‌ವೇಯಲ್ಲಿ ತೀರಾ ಮುಂದೆ ಹೋಗಿ ನೆಲ ಮುಟ್ಟಿತ್ತು, ಇಳಿಯುವುದು ಬೇಡ ಎಂದು ಸಹ ಪೈಲಟ್ ಮೂರು ಸಲ ಎಚ್ಚರಿಸಿದ್ದರು ಎಂದು ತನಿಖಾ ವರದಿ ಹೇಳಿತು. ಆ ಎಂಟು ಜನ ಒಡೆದ ವಿಮಾನದ ಬಿರುಕಿನಿಂದ ಹೊರಗೆ ಬಂದಿದ್ದರು. ಇವರೇ ಯಾಕೆ ಎಂಬುದು ಯಾವ ವರದಿಯಲ್ಲೂ ಇಲ್ಲ.

ತೊಪ್ಪೂರಿನ ಚಹಾದವನಿಗೆ ಕನ್ನಡ ಬರುತ್ತಿತ್ತು. ಧರ್ಮಪುರಿ ಕಡೆ ಕನ್ನಡ ಮಾತಾಡುವ ಮನೆಗಳು ಇವೆ. ಹೆಂಗಸಿನ ಕತೆ, ಗುಡಿಯ ಕತೆ ಎಲ್ಲ ಕೇಳಿ ಅವನು ಲೋಟ ತೊಳೆಯುತ್ತಲೇ ಹೇಳಿದ, “ದೆವ್ವ ಏನಿಲ್ಲ ಸಾಮಿ. ಡೀಸೆಲ್ ಉಳಿಸೋಕೆ ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕ್ತಾರೆ. ಭಾರ ತಳ್ತದೆ, ಬ್ರೇಕ್ ಬಿಸಿ ಆಗ್ತದೆ, ಆಮೇಲೆ ಹಿಡಿಯಲ್ಲ.”

ಮಗುಚಿದ ಲಾರಿಯ ಚಾಲಕನನ್ನು ಯಾರೋ ಅಲ್ಲಿಗೆ ಕರೆತಂದರು. ಸಣ್ಣ ಹುಡುಗ. ಹಣೆಯಲ್ಲಿ ಗೀರು, ಅಷ್ಟೇ. ಕ್ಲೀನರ್‌ನನ್ನು ಆಂಬುಲೆನ್ಸ್ ಕೊಂಡೊಯ್ದಿತ್ತು. ಜನ ಸುತ್ತುವರಿದರು. ನಿನ್ನ ಪುಣ್ಯ, ನಿನ್ನ ತಾಯಿಯ ಪುಣ್ಯ ಎಂದರು. ಅವನು ತಲೆ ಎತ್ತಲಿಲ್ಲ. ನನ್ನ ಗೆಳೆಯ ಎರಡು ಲೋಟ ಚಹಾ ತೆಗೆದುಕೊಂಡು ಹೋಗಿ, ತಡೆಗೋಡೆಯ ಮೇಲೆ ಅವನ ಪಕ್ಕ ಕೂತ. ಇಬ್ಬರ ಭಾಷೆ ಬೇರೆ. ರಸ್ತೆ ತೆರೆಯುವವರೆಗೆ ಹಾಗೆಯೇ ಕೂತಿದ್ದ.

ಬೆಳಗಿನ ಜಾವ ವ್ಯಾನ್ ಸೇಲಂ ಕಡೆ ಓಡುತ್ತಿದ್ದಾಗ ಅವನು ಇದ್ದಕ್ಕಿದ್ದ ಹಾಗೆ ಕೇಳಿದ, “ಆ ದ್ವೀಪದವರು ಕೊನೆಗೆ ಎಂತ ಆದರು?”

ನಾನು ಶುರು ಮಾಡಿದೆ. ದ್ವೀಪದಲ್ಲಿ ನಡೆದದ್ದೆಲ್ಲ ನಿಜವೇ, ಆದರೆ ಕೊನೆಯಲ್ಲಿ ಸಮುದ್ರ ದಂಡೆಯ ಮೇಲಿನ ವಿಮಾನದ ಚೂರುಗಳನ್ನು ತೋರಿಸಿದ ಕಾರಣ ಮೊದಲೇ ಸತ್ತಿದ್ದರು ಎಂದು ಇವತ್ತಿಗೂ ವಾದಿಸುವವರು ಇದ್ದಾರೆ...

“ಅದು ಬೇಡ ಮಾರಾಯ. ಯಾರಾದರೂ ಮನೆಗೆ ಹೋದರಾ?”

“ಕೆಲವರು ಹೋದರು.”

“ಸಾಕು” ಎಂದು ಅವನು ಕಿಟಕಿಗೆ ತಲೆ ಆನಿಸಿದ.