ಕಾಲುವೆಯೂರಿನಲ್ಲಿ ಒಂದಿಷ್ಟು ದಡ

ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗುವ ರೈಲು ನಾರ್ಥ್‌ಹ್ಯಾಂಪ್ಟನ್ ಸೀಮೆಯಲ್ಲಿ ಗುಡ್ಡವೊಂದನ್ನು ಆಳವಾಗಿ ಕಡಿದು ಮಾಡಿದ ದಾರಿಯೊಳಗೆ ಹಾದುಹೋಗುತ್ತದೆ. 1838ರಲ್ಲಿ ತೆರೆದ ದಾರಿ ಅದು. ಅಲ್ಲಿಂದ ಪಶ್ಚಿಮಕ್ಕೆ ಎರಡು ಮೂರು ಮೈಲಿಗಳಾಚೆ ಸ್ಟೋಕ್ ಬ್ರೂಯರ್ನ್ ಎಂಬ ಹಳ್ಳಿಯಿದೆ. ಲಂಡನ್ ಬಿಟ್ಟ ರೈಲಿಗೆ ಈ ಎಡೆಯನ್ನು ದಾಟಲು ಒಂದು ಗಂಟೆಯೂ ಬೇಡ. ಆದರೆ ಥೇಮ್ಸ್ ನದಿಯ ದಡದ ಬ್ರೆಂಟ್‌ಫರ್ಡಿನಲ್ಲಿ ಹಗ್ಗ ಬಿಚ್ಚಿದ ಕಾಲುವೆಯ ದೋಣಿಗೆ ಇಲ್ಲಿ ಬಂದು ಸೇರಲು ನಾಲ್ಕೈದು ದಿನಗಳಿಗೆ ಕಡಮೆಯಿಲ್ಲ. ಹೀಗೆ ದಿನಗಟ್ಟಲೆ ಬಂದ ದೋಣಿಗೆ ಊರು ಕಣ್ಣಿಗೆ ಬಿದ್ದ ಮೇಲೂ ಊರು ಸೇರಿದ ಹಾಗಲ್ಲ. ನಿಲ್ಲಲು ದಡ ಸಿಕ್ಕಬೇಕು.

ಕಾಲುವೆಯ ಎರಡು ದಡಗಳಲ್ಲಿ ಹರಡಿಕೊಂಡ ಚಿಕ್ಕ ಊರು. ಹುಲ್ಲು ಹೊದಿಸಿದ ಕಲ್ಲಿನ ಮನೆಗಳು. 1877ರಿಂದ ತಲೆತಲಾಂತರವಾಗಿ ಒಂದೇ ಮನೆತನ ನಡೆಸಿಕೊಂಡು ಬಂದ 'ಬೋಟ್ ಇನ್' ಎಂಬ ಪಾನಗೃಹ. ಅದರೆದುರು, ಒಂದು ಕಾಲದಲ್ಲಿ ಧಾನ್ಯ ಬೀಸುತ್ತಿದ್ದ ಎತ್ತರದ ಗಿರಣಿಯಲ್ಲಿ ಈಗ ಕಾಲುವೆಯ ವಸ್ತುಸಂಗ್ರಹಾಲಯ. ನಡುವೆ ಒಂದು ಸೇತುವೆ, ಒಂದು ಲಾಕ್. ಕಾಲುವೆಯ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ, ಎರಡು ಕಡೆಗೂ ದೊಡ್ಡ ಕದಗಳುಳ್ಳ ನೀರಿನ ಕೊಠಡಿಗೆ ಲಾಕ್ ಎಂದು ಹೆಸರು. ದಕ್ಷಿಣದಿಂದ ಬರುವ ದೋಣಿ ಇಂಥ ಏಳು ಮೆಟ್ಟಿಲುಗಳನ್ನು ಏರಬೇಕು. ಏಳನೆಯದನ್ನು ಏರಿದೊಡನೆ ಊರು. ಊರಿನಿಂದ ಮುಂದೆ ಸುಮಾರು ಅರ್ಧ ಮೈಲಿ ಹೋದರೆ ಬ್ಲಿಸ್‌ವರ್ತ್ ಸುರಂಗದ ಕಪ್ಪು ಬಾಯಿ.

ಊರಿಗೆ ಹೆಸರು ತಂದದ್ದು ಈ ಸುರಂಗವೇ. 1793ರಲ್ಲಿ ಶಾಸನವಾಗಿ, ವಿಲಿಯಂ ಜೆಸಪ್ ಎಂಬ ಎಂಜಿನಿಯರನ ಕೈಕೆಳಗೆ ಗ್ರ್ಯಾಂಡ್ ಜಂಕ್ಷನ್ ಕಾಲುವೆಯ ಕೆಲಸ ಆರಂಭವಾಯಿತು. 1800ರ ವೇಳೆಗೆ ಉಳಿದ ದಾರಿಯೆಲ್ಲ ಸಿದ್ಧವಾದರೂ ಬ್ಲಿಸ್‌ವರ್ತ್ ಗುಡ್ಡ ಮಾತ್ರ ಬಗ್ಗಲಿಲ್ಲ. ಅಗೆದಲ್ಲೆಲ್ಲ ನೀರು ನುಗ್ಗಿತು. ಐದು ವರ್ಷ ಕಾಲ ಸರಕನ್ನು ದೋಣಿಯಿಂದ ಇಳಿಸಿ, ಕಬ್ಬಿಣದ ಹಳಿಗಳ ಮೇಲೆ ಕುದುರೆ ಬಂಡಿಗಳಲ್ಲಿ ಗುಡ್ಡ ದಾಟಿಸಿ, ಆಚೆ ಮತ್ತೆ ದೋಣಿಗೇರಿಸಬೇಕಾಯಿತು. 1805ರ ಮಾರ್ಚಿಯಲ್ಲಿ ಸುರಂಗ ತೆರೆಯಿತು. ಉದ್ದ 3,076 ಗಜ; ಒಳಗೆ ಕುದುರೆ ನಡೆಯಲು ದಾರಿಯಿಲ್ಲ. ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿನಿಂದ ನಡೆಸಿಕೊಂಡು ಹೋಗುತ್ತಿದ್ದರು. ದೋಣಿಯನ್ನು ಸಾಗಿಸಲು ಇಬ್ಬರು ಆಳುಗಳು ಹಲಗೆಗಳ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಯನ್ನು ಕಾಲಿನಿಂದ ಒದೆಯುತ್ತ ಒದೆಯುತ್ತ ಆಚೆಯ ಬೆಳಕಿಗೆ ತರುತ್ತಿದ್ದರು. ಈ ಕಸುಬಿನವರು ಸುರಂಗದ ಬಾಯಲ್ಲೇ ಗುಡಿಸಲು ಹಾಕಿಕೊಂಡು ಕಾಯುತ್ತಿದ್ದರು. 1871ರಲ್ಲಿ ಹಬೆಯ ಎಳೆದೋಣಿಗಳು ಬಂದ ಮೇಲೆ ಅವರ ಕಾಲಿಗೆ ಕೆಲಸ ತಪ್ಪಿತು.

ಇಂಥ ಊರಿಗೆ ಬೇಸಗೆಯ ಶನಿವಾರ ಎಷ್ಟು ಜನ ಬಂದಾರು ಎಂಬುದನ್ನು ಊಹಿಸಬಹುದು. ಕಾರಿನಲ್ಲಿ ಬಂದವರು ಮೈದಾನದಲ್ಲಿ ಕಾರು ನಿಲ್ಲಿಸಿ, ಲಾಕಿನ ಅಂಚಿನಲ್ಲಿ ಐಸ್‌ಕ್ರೀಂ ತಿನ್ನುತ್ತ, ದೋಣಿ ಏರುವುದನ್ನು ನೋಡುತ್ತ ನಿಲ್ಲುತ್ತಾರೆ. ಅವರಿಗೆ ಅದು ತಮಾಷೆ. ದೋಣಿಯ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದವನಿಗಾದರೋ ಎದೆಯಲ್ಲಿ ಬೇರೊಂದೇ ಚಿಂತೆ.

ಆ ದೋಣಿಯ ಆಕಾರವನ್ನು ಅರಿತಲ್ಲದೆ ಆ ಚಿಂತೆ ಅರ್ಥವಾಗದು. ಅಗಲ ಏಳು ಅಡಿ; ಉದ್ದ ಐವತ್ತು, ಅರವತ್ತು, ಕೆಲವಕ್ಕೆ ಎಪ್ಪತ್ತು ಅಡಿ. ಒಂದು ಓಣಿಯನ್ನೇ ಕಿತ್ತು ನೀರಿನ ಮೇಲೆ ತೇಲಿಬಿಟ್ಟಂತೆ. ಕಾಲುವೆಯಲ್ಲಿ ಅದಕ್ಕೆ ಗಂಟೆಗೆ ನಾಲ್ಕು ಮೈಲಿಯೇ ಮಿತಿ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕದಲ್ಲಿ ಅಷ್ಟೂ ಸಲ್ಲದು, ಆಮೆಯ ನಡಿಗೆ. ವೇಗವಾಗಿ ಹೋದರೆ ನೀರಿನ ಸೆಳೆತಕ್ಕೆ ಅವುಗಳ ಹಗ್ಗ ಜಗ್ಗಿ, ನೆಲಕ್ಕೆ ಹೊಡೆದ ಗೂಟವೇ ಕಿತ್ತುಬರುವುದುಂಟು. ಕಾಲುವೆಯ ಅಗಲಕ್ಕಿಂತ ಉದ್ದವಾದ ಈ ವಾಹನವನ್ನು ಕಂಡಕಂಡಲ್ಲಿ ತಿರುಗಿಸಲಾಗದು. ಅದಕ್ಕೆಂದೇ ದಡವನ್ನು ಅಗೆದು ಅಗಲಿಸಿದ ಎಡೆಗೆ ಹೋಗಬೇಕು. ಹಿಂದಕ್ಕೆ ನಡೆಸುವುದಂತೂ ಚುಕ್ಕಾಣಿಗಿಂತ ದೈವಕ್ಕೇ ಬಿಟ್ಟ ವಿಷಯ. ಆದುದರಿಂದ ಖಾಲಿ ಎಡೆಯೊಂದನ್ನು ಗಮನಿಸದೆ ದಾಟಿಬಿಟ್ಟವನು ಅದನ್ನು ಕಳೆದುಕೊಂಡಂತೆಯೇ. ಉತ್ತರಕ್ಕೆ ಹೊರಟು ಊರಿನ ದಡವನ್ನೆಲ್ಲ ಹೀಗೆ ದಾಟಿದರೆ ಮುಂದೆ ಇರುವುದು ಸುರಂಗ. ಅದರ ಇನ್ನೊಂದು ಬಾಯಿಂದ ಹೊರಬರಲು ಅರ್ಧ ಗಂಟೆಗೂ ಹೆಚ್ಚು ಕತ್ತಲು.

ಅನುಭವಸ್ಥರು ಇದಕ್ಕೆ ಕಂಡುಕೊಂಡ ಉಪಾಯ ಸರಳ. ಏಳು ಲಾಕುಗಳನ್ನು ಏರುವಾಗ ಕದ ತೆರೆಯಲು ಹೇಗೂ ಒಬ್ಬರು ದಡದ ಮೇಲೆ ನಡೆಯಲೇಬೇಕು. ಅವರೇ ಮುಂದಾಗಿ ಹೋಗಿ, ಮೇಲಿನ ಲಾಕಿನ ಕೆಳಗೂ ಮೇಲೂ ನಿಂತ ದೋಣಿಗಳ ಸಾಲನ್ನು ನೋಡಿಕೊಂಡು ಬರುತ್ತಾರೆ. ಎಲ್ಲಿ ಎಷ್ಟು ಹೆಜ್ಜೆ ಖಾಲಿಯಿದೆ? ನಮ್ಮ ದೋಣಿ ಅಲ್ಲಿ ಹಿಡಿಸೀತೇ? ಹೊರಡುವ ಸಿದ್ಧತೆಯಲ್ಲಿರುವವರು ಯಾರಾದರೂ ಇದ್ದಾರೆಯೇ? ಮುಂಜಾನೆ ಹೊರಟು ಮಧ್ಯಾಹ್ನಕ್ಕೆ ಮುಂಚೆ ತಲಪಿದವರಿಗೆ ಎಡೆ ಸಿಕ್ಕುವುದುಂಟು. ನಿನ್ನೆಯವರು ಬಿಟ್ಟಿರುತ್ತಾರೆ, ಇಂದಿನವರು ಇನ್ನೂ ಬಂದಿರುವುದಿಲ್ಲ. ಸಂಜೆ ಐದಕ್ಕೆ ಬಂದವರು ಹಿಂದಿನ ಮರದ ನೆರಳಿಗೋ, ಊರಿನಾಚೆಯ ಗದ್ದೆಯಂಚಿಗೋ ಹೋಗಬೇಕು.

ಖಾಲಿ ಕಂಡಲ್ಲೆಲ್ಲ ಕಟ್ಟುವಂತೆಯೂ ಇಲ್ಲ. ಲಾಕಿನ ಬಾಯಿಯ ಮುಂದಿನ ದಡ ಕದ ತೆರೆಯಲು ಇಳಿಯುವವರಿಗೆ ಮೀಸಲು. ಕುಡಿಯುವ ನೀರಿನ ನಲ್ಲಿಯ ಮುಂದಿನದು ತೊಟ್ಟಿ ತುಂಬಿಕೊಳ್ಳುವವರಿಗೆ. ಸೇತುವೆಯ ಅಡಿ, ತಿರುವು, ದೋಣಿ ತಿರುಗಿಸುವ ಎಡೆ, ಇವೆಲ್ಲ ವರ್ಜ್ಯ. ಹಳೆಯ ದೋಣಿಗಳ ಉತ್ಸವ ನಡೆವ ದಿನಗಳಲ್ಲಿ ಅತಿಥಿ ದೋಣಿಗಳಿಗೆಂದು ಒಂದಷ್ಟು ದಡವನ್ನು ಮೊದಲೇ ಕಾಯ್ದಿರಿಸುತ್ತಾರೆ. ಉಳಿದ ದಡದಲ್ಲಿ ಕಬ್ಬಿಣದ ಬಳೆಗಳಿದ್ದರೆ ಹಗ್ಗ ತೂರಿಸಿ ಕಟ್ಟುವುದು ಸುಲಭ. ದಡಕ್ಕೆ ಕಬ್ಬಿಣದ ತಗಡು ಬಡಿದಿದ್ದರೆ ಕೊಕ್ಕೆ. ಎರಡೂ ಇಲ್ಲದಿದ್ದರೆ ಗೂಟ, ಸುತ್ತಿಗೆ. ಮುಂದೊಂದು ಹಗ್ಗ, ಹಿಂದೊಂದು ಹಗ್ಗ. ಗೂಟದ ತಲೆಗೆ ಬಿಳಿಯ ಚಿಂದಿಯನ್ನೋ ಹಳೆಯ ಟೆನಿಸ್ ಚೆಂಡನ್ನೋ ಸಿಕ್ಕಿಸುವುದು ಕತ್ತಲಲ್ಲಿ ನಡೆಯುವವರು ಎಡವದಿರಲೆಂದು. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ನಿಂತಲ್ಲಿ ಎಂಜಿನ್ ಓಡಿಸಬಾರದೆಂಬುದು ಸಭ್ಯತೆ.

ಸಭ್ಯತೆ ಇನ್ನೊಂದಿದೆ, ಇದೇ ಹೆಚ್ಚು ಕೆಡುವುದು. ಎರಡು ದೋಣಿಗಳ ನಡುವೆ ಮೂವತ್ತು ಅಡಿ, ಮತ್ತೆರಡರ ನಡುವೆ ಇಪ್ಪತ್ತೈದು ಅಡಿ ಹೀಗೆ ಖಾಲಿ ಬಿಟ್ಟು ಕಟ್ಟಿದರೆ ಯಾರಿಗೂ ಪ್ರಯೋಜನವಿಲ್ಲ. ಎರಡೂ ಕಡೆಯವರು ಹಗ್ಗ ಸಡಿಲಿಸಿ ತುಸು ಸರಿದರೆ ಅಲ್ಲಿ ಇನ್ನೊಂದು ಸಂಸಾರ ನಿಂತೀತು. ರೈಲಿನ ಮೂರನೆಯ ತರಗತಿಯಲ್ಲಿ ಒಂದು ಕಾಲಕ್ಕೆ ಕುಳಿತವರೂ ನಿಂತವರೂ ಆಡುತ್ತಿದ್ದ ಮಾತು ಇಲ್ಲಿಯೂ ಬೇರೆ ಭಾಷೆಯಲ್ಲಿ ಕೇಳಿಬರುತ್ತದೆ. ಕೆಲವರು ಎದ್ದು ಬಂದು, "ನಮ್ಮ ಪಕ್ಕಕ್ಕೇ ತಂದು ಕಟ್ಟಿಕೊಳ್ಳಿ, ನಮ್ಮ ದೋಣಿಯ ಮೇಲೇ ದಾಟಿ ಹೋಗಿ" ಎನ್ನುತ್ತಾರೆ. ಕೆಲವರು ಕಿಟಕಿಯ ಪರದೆ ಎಳೆದುಕೊಳ್ಳುತ್ತಾರೆ.

ಕನ್ನಡನಾಡಿನ ಯಾತ್ರಾಸ್ಥಳಗಳ ಛತ್ರಗಳಲ್ಲಿ ಮೂರು ದಿನಕ್ಕಿಂತ ಹೆಚ್ಚು ತಂಗಬಾರದೆಂದು ಬರೆದಿರುವುದನ್ನು ಕಂಡವರಿಗೆ ಇಲ್ಲಿನ ಫಲಕಗಳು ಹೊಸದೆನಿಸುವುದಿಲ್ಲ. ಹೆಸರಾದ ಕಾಲುವೆಯೂರುಗಳ ನಡುಮಧ್ಯದಲ್ಲಿ ಸಾಮಾನ್ಯವಾಗಿ ಎರಡು ದಿನ. ದೂರ ಹೋದಂತೆ ಏಳು, ಹದಿನಾಲ್ಕು. ಅವಧಿ ಮೀರಿ ನಿಂತವರಿಗೆ ಕೆಲವು ಕಡೆ ದಿನಕ್ಕೆ 25 ಪೌಂಡು ತೆರಬೇಕೆಂದು ಬರೆದಿರುತ್ತದೆ. 2012ರಿಂದ ಇಂಗ್ಲೆಂಡ್, ವೇಲ್ಸುಗಳ ಸುಮಾರು ಎರಡು ಸಾವಿರ ಮೈಲಿ ಜಲಮಾರ್ಗಗಳನ್ನು ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟಿನ ನೌಕರರು ದಡದ ಮೇಲೆ ನಡೆದು ದೋಣಿಗಳ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ. ಎರಡು ರಾತ್ರಿಗೆಂದು ಬಂದು ಎರಡು ವಾರ ಕುಳಿತವನು ಆರು ಸಂಸಾರಗಳ ಎಡೆಯನ್ನು ತಿಂದಂತಾಯಿತೆಂಬ ಲೆಕ್ಕ ಸರಿಯಾದುದೇ.

ಆದರೆ ಆ ದೋಣಿಯೇ ಅವನ ಮನೆಯಾಗಿದ್ದರೆ?

ಇಂಗ್ಲೆಂಡಿನಲ್ಲಿ ಮನೆಯ ಬೆಲೆ, ಬಾಡಿಗೆ ಏರಿದಂತೆಲ್ಲ ದೋಣಿಯನ್ನೇ ಮನೆ ಮಾಡಿಕೊಂಡವರ ಸಂಖ್ಯೆ ಬೆಳೆಯಿತು. ಸ್ವಂತ ಕಟ್ಟುದಾಣವುಳ್ಳವರಿಗೆ ತೊಂದರೆಯಿಲ್ಲ. ಅದಿಲ್ಲದವರಿಗೆ 1995ರ ಶಾಸನ ಒಂದು ದಾರಿ ಬಿಟ್ಟಿತು: ಒಂದೇ ಎಡೆಯಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲದೆ, ನಿಜವಾಗಿಯೂ ಸಂಚರಿಸುತ್ತ ಇರತಕ್ಕದ್ದು, ತಕ್ಕ ಕಾರಣವಿದ್ದರೆ ತುಸು ಹೆಚ್ಚು. ಎಷ್ಟು ದೂರ ಸಂಚರಿಸಿದರೆ 'ನಿಜ' ಎಂಬುದನ್ನು ಶಾಸನ ಹೇಳಲಿಲ್ಲ. ವರ್ಷದಲ್ಲಿ ಹದಿನೈದು ಇಪ್ಪತ್ತು ಮೈಲಿಯ ವ್ಯಾಪ್ತಿಯೂ ಇಲ್ಲದಿದ್ದರೆ ಸಾಲದು ಎಂಬುದು ಟ್ರಸ್ಟಿನ ನಿಲುವು. ಮಗು ಶಾಲೆಗೆ ಹೋಗಬೇಕಾದ ತಾಯಿಗೆ, ಆಸ್ಪತ್ರೆಗೆ ವಾರವಾರ ಹೋಗಬೇಕಾದ ಮುದುಕನಿಗೆ ಈ ಇಪ್ಪತ್ತು ಮೈಲಿ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಏಪ್ರಿಲ್‌ನಿಂದ ಇಂಥ ಸಂಚಾರಿ ದೋಣಿಗಳ ಮೇಲೆ ಪರವಾನಗಿಯ ಶುಲ್ಕವೂ ಇತರರಿಗಿಂತ ಹೆಚ್ಚಾಯಿತು. ರಜೆಗೆ ಬಂದವರು ಅವರನ್ನು ದಡ ಹಿಡಿದು ಕುಳಿತವರೆನ್ನುತ್ತಾರೆ. ಅವರು ರಜೆಯವರನ್ನು, ವರ್ಷಕ್ಕೆ ಎರಡು ವಾರ ಬಂದು ಕಾಲುವೆಯೆಲ್ಲ ತಮ್ಮದೆನ್ನುವವರೆನ್ನುತ್ತಾರೆ. ಎರಡು ಮಾತಿನಲ್ಲೂ ತುಸು ನಿಜವಿದೆ.

ಸ್ಟೋಕ್ ಬ್ರೂಯರ್ನಿನಲ್ಲಿ ಈ ವಾದಕ್ಕೆ ಹಿಂದಿನದೊಂದು ನೆರಳಿದೆ. ಈಗ ಪ್ರವಾಸಿಗಳು ನೋಡಲು ಬರುವುದೆಲ್ಲ ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಸತ್ತ ಜನರ ಬದುಕನ್ನು. ದೋಣಿಯ ಹಿಂಬದಿಯ, ಹತ್ತಡಿ ಉದ್ದದ ಕೋಣೆಯಲ್ಲಿ ಒಲೆ, ಮಂಚ, ಮಕ್ಕಳು ಎಲ್ಲ, ಮಿಕ್ಕದ್ದೆಲ್ಲ ಕಲ್ಲಿದ್ದಲಿಗೆ. ಸರಕು ಮುಟ್ಟಿಸಿದರೆ ಕೂಲಿ, ನಿಂತರೆ ಇಲ್ಲ. ಕಾಲುವೆ ಹೆಪ್ಪುಗಟ್ಟಿದಾಗ ಅವರು ದಡದಲ್ಲಿ ನಿಲ್ಲಲೇಬೇಕಾಗುತ್ತಿತ್ತು. ಜಾರ್ಜ್ ಸ್ಮಿತ್ ಎಂಬಾತನ ಪ್ರಯತ್ನದಿಂದ 1877ರಲ್ಲಿ ದೋಣಿಗಳನ್ನು ವಾಸಸ್ಥಾನಗಳೆಂದು ನೋಂದಾಯಿಸುವ, ಮಕ್ಕಳಿಗೆ ಶಾಲೆ ಕಲಿಸುವ ಶಾಸನ ಬಂದಿತು; ಆದರೆ ನಿನ್ನೆ ಒಂದೂರು ನಾಳೆ ಒಂದೂರು ಆದ ಮಗುವಿಗೆ ಅಕ್ಷರ ಹತ್ತುವುದೆಂತು? ತಮ್ಮ ದೋಣಿಯ ಮೇಲೆ ಬಣ್ಣದ ಗುಲಾಬಿಗಳನ್ನೂ ಕೋಟೆಗಳನ್ನೂ ಮೆರೆಸಿದ ಎಷ್ಟೋ ಜನ ಅದೇ ದೋಣಿಯ ಹೆಸರನ್ನು ಓದಲಾರದವರಾಗಿದ್ದರು.

ಅವರಿಗೆ ನಿಲ್ಲಲು ಒಂದು ನೆವ ಒದಗಿಸಿದಾಕೆ ಈ ಊರಿನ ಮೇರಿ ವಾರ್ಡ್. ಆಕೆಯ ತವರಿನದು ಹಗ್ಗದ ಕಸುಬು. ದಾದಿಯಾಗಿ, ಲಾಕಿನ ಪಕ್ಕದ ತನ್ನ ಮನೆಯನ್ನೇ ಚಿಕಿತ್ಸಾಲಯ ಮಾಡಿಕೊಂಡು, ಆಕೆ ದೋಣಿಯವರ ಗಾಯ ಕಟ್ಟಿದಳು, ಬಾಣಂತಿಯರನ್ನು ನೋಡಿಕೊಂಡಳು, ಓದಲಾರದವರ ಕಾಗದಗಳನ್ನೂ ಓದಿ ಹೇಳಿದಳು. ದೋಣಿಯವರಿಗೆಲ್ಲ ಆಕೆ 'ಸಿಸ್ಟರ್ ಮೇರಿ'. 1951ರಲ್ಲಿ ಸರಕಾರ ಪದಕ ಕೊಟ್ಟು ಗೌರವಿಸಿತು.

1962-63ರ ಭಯಂಕರ ಚಳಿಗಾಲದಲ್ಲಿ ಕಾಲುವೆಗಳು ತಿಂಗಳುಗಟ್ಟಲೆ ಹೆಪ್ಪುಗಟ್ಟಿದುವು. ಕಾಲುವೆಗಳ ಸರಕಾರಿ ಮಂಡಲಿ ತನ್ನ ಕಿರುದೋಣಿಗಳ ಸಾಗಾಣಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿತು. ಅದೇ 1963ರಲ್ಲಿ ಸ್ಟೋಕ್ ಬ್ರೂಯರ್ನಿನ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಬದುಕು ಇತ್ತ ಹೊರಹೋಗುತ್ತಿದ್ದಂತೆ ಅತ್ತ ಅದರ ಪಾತ್ರೆ ಪಡಗ, ಬಣ್ಣದ ನೀರ್ಬಿಂದಿಗೆ ಗಾಜಿನ ಪೆಟ್ಟಿಗೆ ಸೇರಿದುವು. ಆಮೇಲೂ ಆತರ್‌ಸ್ಟನ್ನಿನಿಂದ ಲಂಡನ್ನಿನ ಸೌತ್‌ಹಾಲಿನ ಜ್ಯಾಮ್ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತ ಜೋಡಿ ದೋಣಿಗಳು ಈ ಲಾಕುಗಳಲ್ಲಿ ಇಳಿದುಹೋಗುತ್ತಿದ್ದುವು. 1970ರ ಅಕ್ಟೋಬರಿನಲ್ಲಿ ಅವೂ ನಿಂತುವು. ಸುರಂಗವೂ ಮುದಿಯಾಗಿ ಗೋಡೆ ಉಬ್ಬಿ, ಕೆಲವರ್ಷ ಮುಚ್ಚಿ, ನಡುವಿನ ಭಾಗಕ್ಕೆ ಕಾಂಕ್ರೀಟಿನ ಬಳೆಗಳನ್ನು ತೊಡಿಸಿ 1984ರಲ್ಲಿ ಮತ್ತೆ ತೆರೆಯಿತು. ಹೆಚ್ಚಾಗಿ ಉಳಿದ ಅಂಥ ಬಳೆಯೊಂದನ್ನು ಸುರಂಗದ ಬಾಯ ಬಳಿ ದಡದ ಮೇಲೆ ನಿಲ್ಲಿಸಿದ್ದಾರೆ. ಮಕ್ಕಳು ಅದರೊಳಗೆ ನಿಂತು ಕೂಗಿ ನೋಡುತ್ತಾರೆ.

ಅಲ್ಲಿಂದ ಊರಿನ ಕಡೆಗೆ ನಡೆದು ಬಂದರೆ ಸಾಲಾಗಿ ದೋಣಿಗಳು. ಒಂದರ ಮಾಡಿನ ಮೇಲೆ ಜೆರೇನಿಯಂ ಹೂವಿನ ಕುಂಡ, ತಳ್ಳುಗೋಲು. ಅದರ ಪಕ್ಕದ ದೋಣಿಯ ಮಾಡಿನ ಮೇಲೆ ಸೌದೆಯ ಹೊರೆ, ಕಲ್ಲಿದ್ದಲ ಚೀಲ, ಮಗುವಿನ ಸೈಕಲ್ಲು. ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಮೊದಲನೆಯದರ ಎಂಜಿನ್ ಗುಡುಗುಡಿಸುತ್ತದೆ. ಹಗ್ಗ ಬಿಚ್ಚಿ, ಗೂಟ ಕಿತ್ತು, ಮುಂಬದಿಯನ್ನು ಕಾಲಿನಿಂದ ಒಂದಿಷ್ಟು ತಳ್ಳಿ ಹತ್ತಿಕೊಳ್ಳುತ್ತಾರೆ. ಸೈಕಲ್ಲಿನ ದೋಣಿಯ ಗೃಹಸ್ಥ ಹೊರಬಂದು ತನ್ನ ಹಗ್ಗ ಸಡಿಲಿಸಿ, ದೋಣಿಯನ್ನು ಹತ್ತಡಿ ಹಿಂದಕ್ಕೆ ಎಳೆದು ಮತ್ತೆ ಕಟ್ಟುತ್ತಾನೆ. ಲಾಕಿನ ಕದಗಳು ಆಗಲೇ ತೆರೆಯುತ್ತಿವೆ. ಅದರೊಳಗಿನಿಂದ ಅರವತ್ತಡಿಯ ಹಸಿರು ದೋಣಿಯೊಂದು ನಿಧಾನವಾಗಿ ಮೂತಿ ಹೊರಹಾಕುತ್ತದೆ. ದಡದ ಮೇಲೆ ಅದರ ಯಜಮಾನಿ ಕೈಯಲ್ಲಿ ಹಗ್ಗ ಹಿಡಿದು, ಖಾಲಿಯಾದ ಜಾಗವನ್ನು ಹೆಜ್ಜೆಯಿಂದ ಅಳೆಯುತ್ತ ಬರುತ್ತಿದ್ದಾಳೆ.