ಪರರ ನಾವೆಯಲ್ಲಿ

ಕೋಲಾರದ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಕ್ಯಾಲನೂರಿನ ಮಕ್ಕಳು ನೀರೆಂದರೆ ಕೆರೆಯನ್ನೂ ಬಾವಿಯನ್ನೂ ಬಲ್ಲರು. ಸಮುದ್ರವನ್ನು ಭೂಗೋಳದ ಪುಸ್ತಕದಲ್ಲಿ ಕಂಡವರು. ಅಂತಹ ಊರಿನ ತರುಣನೊಬ್ಬನು ಉದ್ಯೋಗನಿಮಿತ್ತವಾಗಿ ಮುಂಬಯಿಗೆ ಹೋಗಿ, ಬಂದರಿನಲ್ಲಿ ಬಿಳಿಯ ಹಾಯಿಗಳು ಗಾಳಿಗೆ ಬಾಗಿ ಸಾಗುವುದನ್ನು ನೋಡಿ, ಆ ವಿದ್ಯೆಯನ್ನು ಕಲಿಯಬೇಕೆಂದು ಆಸೆಪಟ್ಟನು. ದೋಣಿಯನ್ನು ಕೊಳ್ಳುವಷ್ಟು ಐಶ್ವರ್ಯ ಅವನಿಗಿರಲಿಲ್ಲ. ಪಂದ್ಯದ ದಿನ ದೋಣಿಯ ಒಡೆಯರಿಗೆ ಕೈಯಾಳುಗಳು ಬೇಕಾಗುವರೆಂದು ಕೇಳಿ, ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಬಂದರಿನ ಕಟ್ಟೆಯ ಮೇಲೆ ಹೋಗಿ ನಿಂತನು.

ಮೊದಲ ದಿನವೇ ಅಪಮಾನವಾಯಿತು. ಹಾಯಿದೋಣಿಯು ಎದುರುಗಾಳಿಗೆ ನೇರವಾಗಿ ಹೋಗಲಾರದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಿ ಮುಂದೇರಬೇಕು. ಹಾಗೆ ತಿರುಗುವಾಗ ಮುಂದಿನ ಹಾಯಿಯ ಒಂದು ಹಗ್ಗವನ್ನು ಬಿಟ್ಟು ಮತ್ತೊಂದನ್ನು ಎಳೆಯುವುದು ಅವನ ಪಾಲಿನ ಕೆಲಸ. ಅಪ್ಪಣೆಗೆ ಮುನ್ನವೇ ಅವನು ಹಗ್ಗವನ್ನು ಬಿಟ್ಟನು. ಹಾಯಿ ಪಟಪಟನೆ ಬಡಿದುಕೊಂಡಿತು. ದೋಣಿಯ ವೇಗ ಕೆಟ್ಟಿತು. ಹಗ್ಗದ ತುದಿ ಜೊತೆಗಾರನೊಬ್ಬನ ಹುಬ್ಬಿಗೆ ತಗುಲಿ ರಕ್ತ ಬಂದಿತು. ಒಡೆಯನು ಬೈಯಲಿಲ್ಲ, ಮುಂದಿನ ವಾರ ಕರೆಯಲೂ ಇಲ್ಲ. ಪೆಟ್ಟು ತಿಂದವನು ಮಾತ್ರ, "ನಿನ್ನ ಕೈಗೆ ಅವಸರ ಹೆಚ್ಚು; ಕಿವಿಯನ್ನು ಮುಂದಿಡು" ಎಂದನು.

'ಶುಶ್ರೂಷೆ' ಎಂಬ ಶಬ್ದಕ್ಕೆ ಧಾತುವಿನಿಂದ ಬರುವ ಅರ್ಥ ಕೇಳುವ ಇಚ್ಛೆ. ಸೇವೆಯೆಂಬ ಅರ್ಥ ಅದರಿಂದ ಬೆಳೆದುದು. ಕೇಳಬಯಸುವವನು ಸೇವಿಸದೆ ಇರಲಾರನೆಂದು ಪೂರ್ವಿಕರು ತಿಳಿದಿದ್ದರು. ಪದವೀಧರನಾದ ತರುಣನು ಲಜ್ಜೆಯನ್ನು ನುಂಗಿ ಮತ್ತೆ ಕಟ್ಟೆಗೆ ಹೋದನು. ಬೇರೊಬ್ಬನ ದೋಣಿ ದೊರೆಯಿತು. ಅಟ್ಟವನ್ನು ತೊಳೆದನು, ಹಾಯಿಯನ್ನು ಮಡಿಸಿದನು, ತಳದ ನೀರನ್ನು ಮೊಗೆದು ಚೆಲ್ಲಿದನು. ಚುಕ್ಕಾಣಿಯನ್ನು ಅವನ ಕೈಗೆ ಕೊಡಲು ಒಂದು ಋತುವೇ ಕಳೆಯಿತು.

ದೊಡ್ಡವರ ಕಥೆಯೂ ಬೇರೆಯಲ್ಲ. ಹಾಯಿಯ ನಾವೆಯಲ್ಲಿ ಏಕಾಕಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರಾದ ದಿಲೀಪ್ ದೊಂದೆಯವರು, 2006ರಲ್ಲಿ ಆಂಗ್ಲ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ನರ ನಾವೆಯನ್ನು ಪಂದ್ಯಕ್ಕೆ ಅಣಿಮಾಡುವ ಕೆಲಸದಲ್ಲಿ ಕೈಜೋಡಿಸಿ ಕಲಿತರು. 2010ರಲ್ಲಿ ಮುಗಿದ ದೊಂದೆಯವರ ಯಾತ್ರೆಗೆ ದಡದಲ್ಲಿ ನೆರವಾದ ಅಭಿಲಾಷ್ ಟೋಮಿಯವರು, 2012-13ರಲ್ಲಿ ಅದೇ 'ಮ್ಹಾದೇಯಿ' ನಾವೆಯಲ್ಲಿ ಎಲ್ಲಿಯೂ ತಂಗದೆ ಜಗತ್ತನ್ನು ಸುತ್ತಿದರು. ಆ ನಾವೆಯ ಹೆಸರು ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟುವ ಮಹಾದಾಯಿ ನದಿಯದು. ಅದರಲ್ಲಿಯೇ ಪಳಗಿದ ನೌಕಾಪಡೆಯ ಆರು ಮಂದಿ ಮಹಿಳೆಯರು 2017-18ರಲ್ಲಿ 'ತಾರಿಣಿ'ಯೇರಿ ಗೋವೆಯಿಂದ ಹೊರಟು ಗೋವೆಗೆ ಮರಳಿದರು. ಒಬ್ಬರ ನಾವೆ ಮತ್ತೊಬ್ಬರ ಪಾಠಶಾಲೆಯಾಯಿತು.

ಮೂರನೆಯ ವರ್ಷ ಯುಗಾದಿಗೆ ತರುಣನು ಊರಿಗೆ ಬಂದನು. ಅವನ ಅಂಗೈಯ ಜಡ್ಡನ್ನು ತಾಯಿ ಬೆರಳಿನಿಂದ ತಡವಿ ನೋಡಿದಳು. ಗುದ್ದಲಿ ಹಿಡಿದು ಸವೆದ ತನ್ನ ಗಂಡನ ಕೈಯೂ ಹೀಗೆಯೇ ಇದ್ದಿತು. ಮಗನ ಕೈ ಹಾಗಾಗಬಾರದೆಂದೇ ಆಕೆ ಅವನನ್ನು ಓದಿಸಿದ್ದಳು.

"ಇಷ್ಟು ಪಾಡುಪಟ್ಟು ನಿನ್ನದೂ ಅಂತ ಒಂದು ದೋಣಿ ಆಯಿತೇನಪ್ಪ?"

"ಇಲ್ಲಮ್ಮ. ಆದರೆ ಇವನು ಬಂದರೆ ಹೊರಡೋಣ ಅನ್ನುವ ದೋಣಿ ಮೂರಿವೆ."

ಆಕೆ ಆ ಕೈಯನ್ನು ಕೂಡಲೇ ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಕ್ಕೆ ಹೋಗಿ, ಹರಳೆಣ್ಣೆಯನ್ನು ಬಿಸಿಮಾಡಿ ತಂದು, ಜಡ್ಡಿಗೆ ಹಚ್ಚತೊಡಗಿದಳು.